ಮಸಲ್ ಕಾರಿಗೆ ಬೆಲೆ ಹೇಳಲು ಹೋದವಳು

ಹಳೇ ಸೋಫಾ ಮಾರುವ ಮನೆಗಳಲ್ಲಿ ಏನೂ ಆಗುವುದಿಲ್ಲ. ಹಳೇ ಕಾರು ಮಾರುವ ಮನೆಗಳಲ್ಲಿ ಮಾತ್ರ ಏನಾದರೊಂದು ಆಗಿಯೇ ತೀರುತ್ತದೆ, ಅದೂ ನಾನು ಹೋದ ದಿನವೇ.

ಹಡರ್ಸ್‌ಫೀಲ್ಡ್‌ನಲ್ಲಿ ಎಂ.ಎಸ್ಸಿ. ಮುಗಿಸಿ, ಹಳೇ ಮಸಲ್ ಕಾರುಗಳಿಗೆ ಬೆಲೆ ಕಟ್ಟುವ ಲೀಡ್ಸ್‌ನ ಒಬ್ಬರ ಬಳಿ ಕೆಲಸಕ್ಕೆ ಸೇರಿದ್ದೆ. ಮಸಲ್ ಕಾರು ಅಂದರೆ ಐವತ್ತು ವರ್ಷದ ಹಿಂದಿನ ಅಮೆರಿಕದ ಕಾರು. ಉದ್ದ ಮೂತಿ, ಎಡಗಡೆ ಸ್ಟಿಯರಿಂಗ್, ಸ್ಟಾರ್ಟ್ ಮಾಡಿದರೆ ಪಕ್ಕದ ಬೀದಿಯ ಮಗು ಎದ್ದು ಅಳಬೇಕು. ಮಾರುವವರು ಕೇಳುವ ಬೆಲೆ ನ್ಯಾಯವೇ, ನೋಡಿದವರಿಗೆ ಆಸೆ ಹುಟ್ಟುತ್ತದೆಯೇ ಎಂದು ನಾವು ಹೇಳಬೇಕು. ತುಕ್ಕು, ಬಣ್ಣ, ಎಂಜಿನ್ ನೋಡಲು ನನಗೆ ಬರುತ್ತಿತ್ತು. ಹೇಳಲು ಬರುತ್ತಿರಲಿಲ್ಲ. ನಮ್ಮ ಸ್ಕೂಲಿನಲ್ಲಿ ಕನ್ನಡ ಆಡಿದರೆ ಫೈನು, ಇಂಗ್ಲಿಷ್ ತಪ್ಪಿದರೆ ನಗು. ಹಾಗಾಗಿ ನನಗೆ ಚೆನ್ನಾಗಿ ಬರುವ ಭಾಷೆ ಅಂದರೆ ಸುಮ್ಮನಿರುವುದು.

“ಬೆಲೆಯನ್ನು ಮುಖ ನೋಡಿ ಬಾಯಿಬಿಟ್ಟು ಹೇಳಬೇಕು, ಲವ್,” ಅಂದರು ಕೆಲಸ ಕೊಟ್ಟ ಯಜಮಾನರು. “ಪ್ರೊಬೇಷನ್ ಮುಗಿಯುವುದರೊಳಗೆ ಒಂದೇ ಒಂದು ಸಲ ಹೇಳಿ ತೋರಿಸು. ಇಲ್ಲದಿದ್ದರೆ ಬೇರೆಯವರನ್ನು ನೋಡ್ಕೋಬೇಕಾಗುತ್ತೆ.” ಈ ಕಡೆ ಕೆಲಸದಿಂದ ತೆಗೆಯುವಾಗಲೂ ಲವ್ ಅನ್ನುತ್ತಾರೆ.

ಕಿವಿ ಇರುವ ಕಾರು

ಮೊದಲ ಮನೆ ಒಬ್ಬ ವಿಧವೆಯದು. ಕಾರು ಅಂಗಳದಲ್ಲಿ ಮನೆಯ ಕಡೆ ಮುಖ ಮಾಡಿ ನಿಂತಿತ್ತು. ಆಕೆ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು.

“ಅದರ ಮುಂದೆ ಬೆಲೆ ಮಾತಾಡಬೇಡಿ. ಮೂರು ಜನ ಮಾತಾಡಿದರು. ಮೂರು ಸಲವೂ ಬ್ಯಾಟರಿ ಸತ್ತಿತು. ನಮ್ಮವರು ಹೋದಾಗಿನಿಂದ ಹೀಗೆ.”

ನನಗೆ ಇದು ವಿಚಿತ್ರ ಅನ್ನಿಸಲೇ ಇಲ್ಲ. ಮೈಸೂರಿನಲ್ಲಿ ನಮ್ಮಜ್ಜಿ ಸ್ಕೂಟರ್ ಮಾರುವ ಮಾತು ಬಂದರೆ ಬೀದಿ ಬಾಗಿಲು ಹಾಕಿಸುತ್ತಿದ್ದರು, ಅದಕ್ಕೆ ಬೇಜಾರಾಗುತ್ತದೆ ಅಂತ. ಮೇಲಾಗಿ ಬಾಯಿ ಬಿಡದಿರಲು ನನಗೊಂದು ನೆಪ ಸಿಕ್ಕಿತ್ತು. ಚೀಟಿಯಲ್ಲಿ ಬೆಲೆ ಬರೆದು ಅವರ ಮುಂದಿಟ್ಟೆ.

ಕಿಟಕಿಯಾಚೆ ಕಾರಿನ ಎರಡೂ ಹೆಡ್‌ಲೈಟ್ ಒಮ್ಮೆ ಹೊತ್ತಿ ಆರಿದವು. ಬೀಗದ ಕೈ ಅವರ ಏಪ್ರನ್ ಜೇಬಿನಲ್ಲೇ ಇತ್ತು.

ಅವರು ಚೀಟಿ ಮಡಿಚಿ ನಿಟ್ಟುಸಿರು ಬಿಟ್ಟರು. “ಈಗ ಓದೋದನ್ನೂ ಕಲಿತಿದೆ.”

ಬೆಲ್ಟು

ಎರಡನೆಯದು ಲೆಮಿಂಗ್ಟನ್ ಸ್ಪಾದಲ್ಲಿ. ವಿಡಿಯೋ ಗೇಮ್ ಮಾಡುವ ಹುಡುಗನೊಬ್ಬ ಮಾರುತ್ತಿದ್ದ. ಕಾರೇನೋ ಚೆಂದ, ಬೆಲೆಯೂ ಪರವಾಗಿಲ್ಲ. ಆದರೆ ಪ್ಯಾಸೆಂಜರ್ ಸೀಟು ಖಾಲಿ ಇದ್ದರೂ ಬೆಲ್ಟ್ ಹಾಕಿತ್ತು, ಒಳಗೆ ಯಾರೋ ಕೂತ ಹಾಗೆ ಸ್ವಲ್ಪ ಉಬ್ಬಿಕೊಂಡು. ನಾನು ಬಿಚ್ಚಲು ಕೈ ಹಾಕಿದೆ.

“ಒಂದು ಮಾತು ಕೇಳಿ ಬಿಚ್ಚಿ,” ಅಂದ.

“ಯಾರನ್ನ?”

“ಹಿಂದಿನ ಓನರ್‌ನ. ಕಾರಿನ ಜೊತೆಗೇ ಬಂದರು. ತೊಂದರೆ ಏನೂ ಕೊಡಲ್ಲ, ಬ್ರೇಕ್ ಹಾಕೋದು ತಡ ಆದರೆ ಮಾತ್ರ ಒಂಥರಾ ಉಸಿರೆಳೀತಾರೆ.”

ನಾನು ತೆಪ್ಪಗೆ ಹಿಂದಿನ ಸೀಟಿನಲ್ಲಿ ಕೂತು ಒಂದು ಸುತ್ತು ಹೋಗಿಬಂದೆ. ಉಸಿರೆಳೆದದ್ದು ಎರಡು ಸಲ ಕೇಳಿಸಿತು. ಒಂದು ನನ್ನದು. ಇಳಿದ ಮೇಲೆ ಆ ಸೀಟಿನ ಮುಂದೆ ಬೆಲೆ ಹೇಳಲು ಬಾಯಿ ಬರಲಿಲ್ಲ, ಇಮೇಲ್ ಮಾಡ್ತೀನಿ ಅಂದೆ. ವರದಿಯಲ್ಲಿ ‘ಈವರೆಗಿನ ಮಾಲೀಕರು’ ಅನ್ನುವ ಕಾಲಮ್ಮಿನಲ್ಲಿ ನಿಜವನ್ನೇ ಬರೆದೆ: “ಇಬ್ಬರು. ಒಬ್ಬರು ಇನ್ನೂ ಇಳಿದಿಲ್ಲ.”

ಡಿಡ್ಸ್‌ಬರಿಯ ನಿಂಬೆಹಣ್ಣು

ಪ್ರೊಬೇಷನ್ನಿನ ಕೊನೆಯ ದಿನ ಯಜಮಾನರೂ ಜೊತೆಗೆ ಬಂದರು. ಡಿಡ್ಸ್‌ಬರಿಯ ಮನೆ, ಬೆಂಗಳೂರಿನ ಡಾಕ್ಟರ್ ದಂಪತಿ. “ಓ, ನಮ್ಮ ಹುಡುಗಿ!” ಅಂತ ಅಂಕಲ್ ಖುಷಿಯಾಗಿ ಗ್ಯಾರೇಜು ತೆರೆದರು. ಕಪ್ಪು ಕಾರು. ನಾಲ್ಕು ಟೈರಿನ ಮುಂದೂ ಒಂದೊಂದು ನಿಂಬೆಹಣ್ಣು.

“ಮೂರು ವರ್ಷದ ಹಿಂದೆ ಪೂಜೆ ಮಾಡಿ ಇಟ್ಟಿದ್ದಮ್ಮ. ಮಳೆ ಇಲ್ಲದ ಭಾನುವಾರ ಮೊದಲನೇ ಸಲ ಓಡಿಸೋಣ ಅಂತ. ಮಳೆ ಇಲ್ಲದಿದ್ದಾಗ ನನಗೆ ಡ್ಯೂಟಿ, ಡ್ಯೂಟಿ ಇಲ್ಲದಿದ್ದಾಗ ಮಳೆ. ಕಾರು ಒಂದಿಂಚು ಕದಲಿಲ್ಲ. ಹಣ್ಣು ನೋಡು, ಮೂರು ವರ್ಷದಿಂದ ಬಾಡಿಲ್ಲ! ಆ ಮಹಿಮೆಗೇ ಮೂವತ್ತೈದು ಸಾವಿರ ಪೌಂಡ್ ಕೇಳ್ತಿರೋದು.”

ನಾನು ಬಗ್ಗಿ ನೋಡಿದೆ. ಟೈರಿನ ಗೀರುಗಳ ತುಂಬ ನಿಂಬೆಬೀಜ. ತಲೆ ಎತ್ತಿದರೆ, ಟೀ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದ ಆಂಟಿ ಬೇಡ ಬೇಡ ಅಂತ ಕಣ್ಣಲ್ಲೇ ಬೇಡುತ್ತಿದ್ದರು. ಕದ್ದು ಓಡಿಸುತ್ತಿದ್ದವರು ಅವರೇ. ಒಂದು ಸುತ್ತು ಹೋಗಿಬಂದು, ಜಜ್ಜಿದ ಹಣ್ಣು ಎಸೆದು, ಹೊಸದು ಇಡುತ್ತಿದ್ದರು. ಕಷ್ಟ ಅಂದರೆ, ನಿಂತೇ ಇದ್ದ ಕಾರಿಗಿಂತ ಓಡುತ್ತಿರುವ ಕಾರಿಗೆ ಬೆಲೆ ಹೆಚ್ಚು. ಸರಿಯಾದ ಬೆಲೆ ಹೇಳಿದರೆ ಆಂಟಿಯ ಗುಟ್ಟು ಹೋಗುತ್ತದೆ, ಹೇಳದಿದ್ದರೆ ನನ್ನ ಕೆಲಸ.

“ಹೇಳು, ಲವ್,” ಅಂದರು ಯಜಮಾನರು.

“ಮೂವತ್ತೆಂಟು ಸಾವಿರ.” ನನ್ನ ದನಿ ನನಗೇ ಯಾರದೋ ಅನ್ನಿಸಿತು.

ಯಜಮಾನರು ನನ್ನ ಭುಜ ತಟ್ಟಿದರು. ಕೆಲಸ ಉಳಿಯಿತು.

“ಕೇಳಿದ್ದಕ್ಕಿಂತ ಜಾಸ್ತಿನಾ! ಯಾಕಮ್ಮ?” ಅಂದರು ಅಂಕಲ್.

“ಇದು... ನಿಂತ ಕಾರಲ್ಲ, ಅಂಕಲ್. ಆಗಾಗ ಓಡಿದೆ.”

ಆಂಟಿ ಟ್ರೇ ಕೆಳಗಿಟ್ಟರು. “ಹೂಂ ಕಣ್ರೀ, ನಾನೇ. ಪ್ರತಿ ಗುರುವಾರ, ನೀವು ಆಸ್ಪತ್ರೆಗೆ ಹೋದ ಮೇಲೆ. ಏನೀಗ?”

ಆಸರೆಗೆಂದು ಬಾನೆಟ್ ಮೇಲೆ ಕೈಯಿಟ್ಟ ಅಂಕಲ್ ಸರ್ರನೆ ತೆಗೆದರು. “ಏನೇ ಇದು, ಸುಡ್ತಾ ಇದೆ! ಈಗ ತಾನೇ ಹೋಗಿಬಂದ್ಯಾ?”

ಆಂಟಿಯ ಮುಖ ಬಿಳುಚಿಕೊಂಡಿತು. “ಇವತ್ತು ಸೋಮವಾರ ಕಣ್ರೀ. ನಾನು ಮುಟ್ಟೇ ಇಲ್ಲ.”

ಎಲ್ಲರೂ ಕೆಳಗೆ ನೋಡಿದೆವು. ನಾಲ್ಕು ನಿಂಬೆಹಣ್ಣೂ ಹಾಗೇ ಇದ್ದವು, ಒಂದೂ ಜಜ್ಜಿರಲಿಲ್ಲ. ಒಳಗೆಲ್ಲೋ ಎಂಜಿನ್ ತಣ್ಣಗಾಗುತ್ತಾ ಟಿಕ್, ಟಿಕ್ ಅನ್ನುತ್ತಿತ್ತು.

“ಮೂವತ್ತೆಂಟು ಬೇಡ,” ಅಂದರು ಆಂಟಿ ನನ್ನ ಕೈ ಹಿಡಿದು, “ಇಪ್ಪತ್ತಕ್ಕೇ ಕೊಡ್ತೀವಿ, ಇವತ್ತೇ ಯಾರಾದ್ರೂ ತಗೊಂಡು ಹೋಗ್ತಾರೇನೇ?”

ಅಂಕಲ್ ಆಂಟಿಯನ್ನು ಪಕ್ಕಕ್ಕೆ ಸರಿಸಿ, ನನ್ನ ಕಡೆ ಬಾಗಿ, ಪಿಸುಮಾತಿನಲ್ಲಿ ಕೇಳಿದರು: “ತಾನೇ ಓಡುತ್ತೆ ಅಂದ್ಮೇಲೆ ಮೂವತ್ತೆಂಟು ಕಡಿಮೆ ಆಗಲಿಲ್ವೇನಮ್ಮಾ?”