ದೇವರಿಗೆ ಮೇಲಿನ ಗೂಡು

ಅಮ್ಮಣ್ಣಿ: ಮೇಲಕ್ಕೆ ನಾನೇ ಯಾಕೆ ಹತ್ತಬೇಕು? ಎರಡು ದಿನದಿಂದ ಪಾತ್ರೆಪಗಡ ಕಟ್ಟಿಟ್ಟು ಸೊಂಟ ಬಿದ್ದುಹೋಗಿದೆ.

ಹರಿದಾಸ: ನನ್ನ ಮಂಡಿ ಕೇಳಲ್ಲ ಕಣೆ. ಏಣಿ ನೋಡಿದ್ರೇನೇ ಕಟಕಟ ಅನ್ನುತ್ತೆ.

ಅಂಬತ್ತೂರಿನ ಮನೆಗೆ ಗೆದ್ದಲಿನ ಔಷಧಿ ಹೊಡೆಸಿ, ಒಂದು ರಾತ್ರಿ ಕಳೆದರೆ ಸಾಕು ಅಂತ ಗಂಡ ಹೆಂಡತಿ ಕೋಡಂಬಾಕ್ಕಂನ ಕ್ಯಾಪ್ಸೂಲ್ ಹೋಟೆಲಿಗೆ ಬಂದಿದ್ದರು. ರೂಮು ಅನ್ನೋದೇ ಇಲ್ಲ. ಗೋಡೆಯಲ್ಲಿ ಒಂದರ ಮೇಲೊಂದು ಪರದೆ ಬಿಟ್ಟ ಗೂಡು, ಗೂಡಿಗೊಬ್ಬರು. ಇವರಿಗೆ ಸಿಕ್ಕಿದ್ದು ಮೇಲೊಂದು, ಕೆಳಗೊಂದು. ಹರಿದಾಸರಿಗೆ ಕೆಳಗಿನ ಗೂಡಿನ ಮೇಲೇ ಕಣ್ಣು.

ಅಮ್ಮಣ್ಣಿ: ಆಯ್ತು, ನಾನೇ ಹತ್ತುತೀನಿ. ಕೆಳಗೆ ನೀವು, ನಿಮ್ಮ ತಲೆದೆಸೆಗೆ ದೇವರ ಪೆಟ್ಟಿಗೆ. ಅದರ ನೆತ್ತಿ ಮೇಲೆ ನಾನು ಕಾಲು ಚಾಚಿಕೊಂಡು ಮಲಗ್ತೀನಿ. ಸರಿ ತಾನೆ?

ಹರಿದಾಸರು ಬೆಚ್ಚಿ ಪೆಟ್ಟಿಗೆ ಅವುಚಿಕೊಂಡರು. ಒಳಗಿರುವುದು ಮನೆತನದ ಸಾಲಿಗ್ರಾಮ. ಅದನ್ನು ಔಷಧಿ ವಾಸನೆಯಲ್ಲಿ ಬಿಟ್ಟು ಬರುವುದುಂಟೇ? ನೇರ ಕೌಂಟರಿಗೆ ನಡೆದರು. ಅಲ್ಲಿದ್ದ ಅಕ್ಷಯಾ ಮದರಾಸಿನ ಕನ್ನಡದವಳು. ಕಿವಿಗೆ ಕನ್ನಡ, ಬಾಯಿಗೆ ತಮಿಳು.

ಹರಿದಾಸ: ಇನ್ನೊಂದು ಗೂಡು ಬೇಕಮ್ಮ. ನಮ್ಮ ಜೊತೆ ಇನ್ನೊಬ್ಬ ಇದ್ದಾನೆ. ಬೆಳಿಗ್ಗೆ ಸ್ನಾನ ಮಾಡಿಸ್ಬೇಕು, ಹಾಲು ಕೊಡ್ಬೇಕು.

ಅಕ್ಷಯಾ: ಪೇರನಾ ಅಂಕಲ್? ಚಿಕ್ಕ ಮಕ್ಕಳು ಅಲೌಡ್ ಇಲ್ಲೈ.

ಹರಿದಾಸ: ಮೊಮ್ಮಗ ಅಲ್ಲಮ್ಮ. ನಮ್ಮ ಮುತ್ತಾತನ ಕಾಲದಿಂದ ಇದ್ದಾನೆ.

ಅಕ್ಷಯಾ: ಅಷ್ಟು ವಯಸ್ಸಾ? ಅಪ್ಪೋ ಸೀನಿಯರ್ ಸಿಟಿಜನ್. ಲೋವರ್ ಗೂಡೇ ಕೊಡಬೇಕು.

ಅಮ್ಮಣ್ಣಿ: ದೇವರು ಕಣಮ್ಮ, ದೇವರು.

ಅಕ್ಷಯಾ: ಸಾರಿ ಅಂಕಲ್, ಎಲ್ಲಾ ಫುಲ್. ಲಾಕರ್ ಇರುಕ್ಕು, ಅದರಲ್ಲಿ ಇಡಿ.

ಹರಿದಾಸ: ಆ ಲಾಕರಿನ ಮೇಲೆ ಊರವರ ಚಪ್ಪಲಿ ಇದೆ.

ಅಮ್ಮಣ್ಣಿ: ಮೇಲಿನ ಗೂಡು ದೇವರಿಗೇ ಇರಲಿ ಬಿಡಿ. ಯಾರ ಕಾಲೂ ತಾಗಲ್ಲ.

ಹರಿದಾಸರಿಗೆ ಹೋದ ಜೀವ ಬಂತು. ಪೆಟ್ಟಿಗೆ ಹಿಡಿದು ಸರಸರ ಏಣಿ ಹತ್ತಿದರು, ಶಲ್ಯ ಹಾಸಿದರು, ಪೂರ್ವ ಯಾವ ಕಡೆ ಅಂತ ಕೂಗಿ ಕೇಳಿದರು. ತುಳಸಿ ಮರೆತುಹೋಗಿತ್ತು; ಇಳಿದು ಮತ್ತೆ ಹತ್ತಿದರು.

ಅಮ್ಮಣ್ಣಿ: ಮಂಡಿ ಕಟಕಟ ಅನ್ನಲಿಲ್ವಾ?

ಹರಿದಾಸ: ದೇವರ ಕೆಲಸ ಅಲ್ವೇನೇ. ಅವನೇ ಹತ್ತಿಸಿದ.

ಕೈ ಮುಗಿದು, ನೆಮ್ಮದಿಯಾಗಿ ಕೆಳಗಿಳಿದು ನೋಡುತ್ತಾರೆ, ಕೆಳಗಿನ ಗೂಡಿನ ಪರದೆ ಮುಚ್ಚಿದೆ. ಹೊರಗೆ ಅಮ್ಮಣ್ಣಿಯ ಚಪ್ಪಲಿ ಒಪ್ಪವಾಗಿ ಕೂತಿದೆ.

ಹರಿದಾಸ: ಏ, ನಾನೆಲ್ಲಿ ಮಲಗಲಿ?

ಅಮ್ಮಣ್ಣಿ: (ಪರದೆಯೊಳಗಿಂದ) ಮೇಲೆ, ದೇವರ ಪಕ್ಕ. ಮಂಡಿ ಹೇಗೂ ವಾಸಿಯಾಯ್ತಲ್ಲ.

ಹರಿದಾಸ: ಮಡಿ ಪೆಟ್ಟಿಗೆ ಪಕ್ಕ ಗೊರಕೆ ಹೊಡ್ಕೊಂಡು ಮಲಗೋಕಾಗುತ್ತೇನೇ?

ಅಮ್ಮಣ್ಣಿ: ಹಾಗಾದ್ರೆ ಹೊರಗೇ ಇರಿ. ಅಷ್ಟು ಗುಡಿ ಸುತ್ತಿದೀರಲ್ಲ, ದ್ವಾರಪಾಲಕರು ಎಲ್ಲಾದ್ರೂ ಮಲಗಿದ್ದು ನೋಡಿದೀರಾ?