ನಾಲ್ಕೂ ಗಾಲಿ ಎಳೆಯಬೇಕು

ಹೆಂಡತಿಯ ದುಡ್ಡಿನಲ್ಲಿ ಗಂಡನಾದವನು ಶೂರನಾಗಲು ಹೋಗಬಾರದು. ಬ್ಯಾಡಗಿಯ ಪಾತ್ರೆ ಅಂಗಡಿಯ ಪ್ರಭುಲಿಂಗಪ್ಪನಿಗೆ ಈ ಮಾತನ್ನು ಯಾರಾದರೂ ಮೊದಲೇ ಹೇಳಿದ್ದರೆ ಆತ ಕೇಳುತ್ತಿದ್ದ ಎಂದೇನೂ ಅಲ್ಲ. ಆತ ಯಾರ ಮಾತನ್ನೂ ಕೇಳುವ ಪೈಕಿಯಲ್ಲ, ಹೆಂಡತಿಯ ಮಾತೊಂದನ್ನು ಬಿಟ್ಟು. ಅದನ್ನೂ ಕೇಳುವುದು ಬೇರೆ ದಾರಿ ಉಳಿಯದಿದ್ದಾಗ ಮಾತ್ರ.

ಹೆಂಡತಿ ಅರುಣಾ ಕಡಕ್ ರೊಟ್ಟಿಯ ಉದ್ಯೋಗ ಮಾಡುವವಳು. ಹಿತ್ತಿಲಿನ ತಗಡಿನ ಷೆಡ್ಡಿನಲ್ಲಿ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ರೊಟ್ಟಿ ತಟ್ಟಿಸಿ, ಒಣಗಿಸಿ, ಹಾವೇರಿ ರಾಣೆಬೆನ್ನೂರಿನ ಖಾನಾವಳಿಗಳಿಗೆ ಕಳಿಸುತ್ತಿದ್ದಳು. ಮಾಡುವುದು ಸುಲಭ, ಕಳಿಸುವುದೇ ತಾಪತ್ರಯ. ಬಸ್ಸಿನಲ್ಲಿ ಹಾಕಿದರೆ ರೊಟ್ಟಿಯ ಗಂಟಿನ ಮೇಲೆ ಯಾರಾದರೊಬ್ಬ ದಢೂತಿ ಮಹನೀಯರು ಆಸೀನರಾಗಿಬಿಡುತ್ತಿದ್ದರು. ಬ್ಯಾಡಗಿಯಲ್ಲಿ ಹಿಟ್ಟಿನಿಂದ ರೊಟ್ಟಿಯಾದದ್ದು ಹಾವೇರಿ ಮುಟ್ಟುವುದರೊಳಗೆ ಮತ್ತೆ ಹಿಟ್ಟಾಗಿರುತ್ತಿತ್ತು.

ಅದಕ್ಕೇ ಆಕೆ ರೊಟ್ಟಿಯಲ್ಲಿ ಗಳಿಸಿದ್ದನ್ನೆಲ್ಲ ಗಂಟು ಕಟ್ಟಿ ಗಂಡನ ಕೈಗಿಟ್ಟು, "ಒಂದು ಸಣ್ಣ ಗೂಡ್ಸ್ ಗಾಡಿ ತಗೊಂಡು ಬರ್ರಿ. ಹಳೇದಾದ್ರೂ ನಡೀತೈತಿ. ಓಡಿದ್ರ ಸಾಕು" ಎಂದಿದ್ದಳು.

ಈ "ಓಡಿದ್ರ ಸಾಕು" ಎಂಬುದು ಪ್ರಭುಲಿಂಗಪ್ಪನ ಕಿವಿಗೆ ಬಿತ್ತೋ ಇಲ್ಲವೋ ಶಿವನೇ ಬಲ್ಲ. ಹೊಸಪೇಟೆ ಕಡೆ ಯಾವುದೋ ಗಣಿಯವರು ಹಳೆಯ ವಾಹನಗಳನ್ನು ಹರಾಜು ಹಾಕುತ್ತಾರೆಂದು ಹೋದವನು ಒಂದು ಪಿಕಪ್ಪನ್ನು ಗೆದ್ದುಕೊಂಡು ಬಂದ. ಲಾರಿಯ ಮೇಲೆ ಹೇರಿಕೊಂಡು ಬಂದ, ಯಾಕೆಂದರೆ ಅದು ತಾನಾಗಿ ಬರುವ ಸ್ಥಿತಿಯಲ್ಲಿರಲಿಲ್ಲ. ಆಳೆತ್ತರದ ಗಾಲಿ, ಮುಂದೆ ಎಮ್ಮೆಯನ್ನೂ ತಡೆಯುವ ಕಬ್ಬಿಣದ ಕಟಾಂಜನ, ಮೈತುಂಬ ಗಣಿಯ ಕೆಂಪು ಧೂಳು, ಬಾನೆಟ್ಟಿನ ಪಕ್ಕದಿಂದ ಗಾಡಿಯ ನೆತ್ತಿಯವರೆಗೆ ಏರಿದ ಒಂದು ಕರೀ ಕೊಳವೆ.

ಅರುಣಾ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. "ಇದೇನ್ರೀ ಇದು?"

"ಫೋರ್ ಬೈ ಫೋರ್. ನಾಲ್ಕೂ ಗಾಲಿ ಎಳೀತಾವ. ಗುಡ್ಡ ಹತ್ತತೈತಿ, ಹೊಳೀ ದಾಟತೈತಿ. ಈ ಕೊಳವಿ ನೋಡಿಲ್ಲೆ, ಗಾಡಿ ನೀರಾಗ ಮುಳುಗಿದ್ರೂ ಇಂಜಿನ್ನು ಇದರಾಗಿಂದ ಉಸರಾಡತೈತಿ."

"ರೊಟ್ಟಿ ಉಸರಾಡತಾವೇನ್ರೀ?"

"ನಿನಗ ತಿಳಿಯೂದಿಲ್ಲ ಬಿಡು."

"ತಿಳಿಯೂದಿಲ್ಲ ಖರೇ. ಬ್ಯಾಡಗಿಯಿಂದ ಹಾವೇರಿಗೆ ಹೋಗೋದ್ರಾಗ ಎಲ್ಲೈತ್ರಿ ಗುಡ್ಡ? ಮೋಟೆಬೆನ್ನೂರು ಮುಟ್ಟಿದ್ರ ಮುಂದ ಹೈವೇ. ನಮ್ಮ ಓಣ್ಯಾಗಿನ ಹಂಪ್ ಒಂದ ಗುಡ್ಡ. ಅದನ್ನ ನಮ್ಮ ಎಮ್ಮೀನೂ ದಾಟತೈತಿ."

ಇದ್ದದ್ದು ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ, ಪ್ರಭುಲಿಂಗಪ್ಪನಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ರಾಣೆಬೆನ್ನೂರಿನ ಗ್ಯಾರೇಜಿನ ಮುಸ್ತಾಕನನ್ನು ಕರೆಸಿದ. ಮುಸ್ತಾಕ ಗಾಡಿಯ ಅಡಿ ನುಸುಳಿ, ಬಹಳ ಹೊತ್ತು ಗುನುಗುತ್ತಿದ್ದು, ಕೆಂಪಗಾಗಿ ಹೊರಬಂದ.

"ಸಾವಕಾರ್ರ, ಗಾಡಿ ವಜ್ರ ಐತಿ. ಮುಂದಿನ ಕ್ರೌನ್ ಒಂದ ಹೋಗೇತಿ ನೋಡ್ರಿ."

ಕ್ರೌನ್ ಎಂದರೆ ಮುಂದಿನ ಗಾಲಿಗಳಿಗೆ ಬಲ ಕೊಡುವ ದೊಡ್ಡ ಹಲ್ಲಿನ ಚಕ್ರ. ಅದರ ಹಲ್ಲು ಉದುರಿ, ಉದುರಿದ ಹಲ್ಲುಗಳು ನಡುವೆ ಸಿಕ್ಕಿಕೊಂಡು, ಗಾಲಿ ಅಲ್ಲಾಡದಂತೆ ಕಚ್ಚಿ ಹಿಡಿದಿದ್ದವು.

"ಹೋಗಿದ್ರ ಹೊಸದು ಹಾಕು ಮತ್ತ."

"ಎಲ್ಲಿಂದ ತರ್ಲ್ರಿ? ಈ ಮಾಡೆಲ್ ಬಂದ್ ಆಗಿ ಯಾವ ಕಾಲ ಆತು. ಕಂಪನಿಯವರಿಗೆ ಫೋನ್ ಹಚ್ಚಿದ್ರ ಅವರ ನಮಗ ಕೇಳ್ತಾರ, ಹಿಂಥಾದೊಂದು ನಾವು ಮಾಡಿದ್ವೇನ್ರಿ ಅಂತ. ನೀವು ಹೇಳ್ರಿ, ಹೆಂಗರ ಮಾಡಿ ಓಡಸೂಣೋ, ನಾಲ್ಕೂ ಎಳಿಯೂಹಂಗ ಮಾಡೂಣೋ?"

ಅಂಗಳದಲ್ಲಿ ಓಣಿಯ ಗಂಡಸರು ನೆರೆದಿದ್ದರು. ಪ್ರಭುಲಿಂಗಪ್ಪನ ಎದೆ ತಾನಾಗಿಯೇ ಉಬ್ಬಿತು. "ನಾಲ್ಕೂ ಎಳೀಬೇಕು. ಅಲ್ಲೀತನಾ ಒಂದು ಗಾಲೀನೂ ತಿರುಗೂಹಂಗಿಲ್ಲ" ಎಂದು ಘೋಷಿಸಿದ. ಗಿರಾಕಿಯ ಮಾತಿಗೆ ಎದುರಾಡುವ ಕೆಟ್ಟ ಚಾಳಿ ಮುಸ್ತಾಕನಿಗಿರಲಿಲ್ಲ. ಮೇಲಾಗಿ ಆ ಮನೆಯಲ್ಲಿ ಕೆಲಸಕ್ಕೆ ಬಂದವರಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಸಿಗುತ್ತಿತ್ತು. ಅಂಥ ಕೆಲಸವನ್ನು ಲಗೂ ಮುಗಿಸುವುದು ಯಾವ ಜಾಣತನ?

ಅಲ್ಲಿಂದ ಕ್ರೌನಾನ್ವೇಷಣೆ ಶುರುವಾಯಿತು. ಹಾವೇರಿಯಲ್ಲಿ ಬಿಡಿಭಾಗದ ಅಂಗಡಿ ಇಟ್ಟ ವೀರೇಂದ್ರ, ಪ್ರಭುಲಿಂಗಪ್ಪ ಮೆಟ್ಟಿಲು ಹತ್ತುವುದನ್ನು ಕಂಡರೆ ಸಾಕು, ಒಳಗಿನಿಂದಲೇ "ಬಂದಿಲ್ರೀ" ಎನ್ನುವಷ್ಟು ಸಲಿಗೆ ಬೆಳೆಯಿತು. ಹುಬ್ಬಳ್ಳಿಯ ಗುಜರಿ ಅಂಗಡಿಗಳನ್ನು ಜಾಲಾಡಿದ್ದಾಯಿತು. ಯಾವನೋ ಮೊಬೈಲಿನಲ್ಲಿ ಫೋಟೋ ತೋರಿಸಿ ಕೇರಳದಿಂದ ಪಾರ್ಸೆಲ್ ಕಳಿಸಿದ. ಬಿಚ್ಚಿ ನೋಡಿದರೆ ಅದು ಬೇರೆ ಯಾವುದೋ ಟೆಂಪೋದ ಕ್ರೌನು. (ಅದು ಈಗ ಅರುಣಾಳ ಅಡುಗೆಮನೆಯಲ್ಲಿ ಮೆಣಸಿನಕಾಯಿ ಉಪ್ಪಿನಕಾಯಿಯ ಭರಣಿಯ ಮೇಲೆ ಭಾರವಾಗಿ ಕುಳಿತಿದೆ. ಆ ಪಾರ್ಸೆಲ್ಲಿನಿಂದ ಉಪ್ಪಿನಕಾಯಿಗಾದರೂ ಉಪಕಾರವಾಯಿತು.) ಇತ್ತ ಇಟ್ಟಂಗಿಯ ಮೇಲೆ ನಿಂತ ಪಿಕಪ್ಪಿನ ಬೆನ್ನಿನಲ್ಲಿ ಅರುಣಾ ಸಂಡಿಗೆ ಒಣಗಿಸತೊಡಗಿದಳು. ಮಾಳಿಗೆಗಿಂತ ಇಲ್ಲಿ ಬಿಸಿಲು ಚಲೋ ಬೀಳುತ್ತದೆಂದು ಬಂದವರಿಗೆಲ್ಲ ಹೊಗಳಿ ಹೇಳುತ್ತಿದ್ದಳು.

ಹೊಗಳಿಕೆಯ ಹಿಂದೆ ಸಿಟ್ಟು ಕುದಿಯುತ್ತಿತ್ತು. ಒಂದು ದಿನ ಉಕ್ಕಿತು.

"ಯುಗಾದಿ ಆದ ಮ್ಯಾಲೆ ಹಾವೇರಿ ಕಲ್ಯಾಣ ಮಂಟಪದಾಗ ದೊಡ್ಡ ಮದವಿ ಐತಿ. ರೊಟ್ಟಿ ನಂದ. ಇಷ್ಟು ದೊಡ್ಡ ಆರ್ಡರ್ ನನಗ ಹಿಂದ ಬಂದಿಲ್ಲ, ಮುರದ ರೊಟ್ಟಿ ಒಯ್ದ್ರ ಮುಂದೂ ಬರೂದಿಲ್ಲ. ಅಷ್ಟರಾಗ ಗಾಡಿ ಓಡಬೇಕು. ಓಡಲಿಲ್ಲಂದ್ರ ಜಾಕೀರ್‌ಗ ಹೇಳ್ತೇನಿ."

ಜಾಕೀರ್ ಎಂದರೆ ಬ್ಯಾಡಗಿಯ ಗುಜರಿಯವನು. ಆತನ ತಕ್ಕಡಿಗೆ ವಜ್ರವೂ ಕಬ್ಬಿಣವೇ.

ಆ ಹೊತ್ತಿಗೆ ಸರಿಯಾಗಿ ಮುಸ್ತಾಕ ಸುದ್ದಿ ತಂದ. ಐರಣಿಯಲ್ಲಿ ಹೇಮಪ್ಪ ಎನ್ನುವವರ ಹತ್ತಿರ ಇದೇ ಗಾಡಿ, ಇದೇ ಮಾಡೆಲ್ಲು, ಅದೂ ಓಡದೆ ನಿಂತಿದೆ. ಹೇಮಪ್ಪ ಹೊಳೆಯ ದಂಡೆಗೆ ಬದನೆಕಾಯಿ ಬೆಳೆಯುವವರು. ಪ್ರಭುಲಿಂಗಪ್ಪ, ಮುಸ್ತಾಕ ಇಬ್ಬರೂ ಮರುದಿನವೇ ಹೊರಟರು.

ಥೇಟ್ ಹೆಣ್ಣು ನೋಡಲು ಹೋದಂತೆಯೇ ಆಯಿತು. ತಾಡಪತ್ರಿಯ ಮುಸುಕು ಸರಿಸಿ ಹೇಮಪ್ಪ ಗಾಡಿ ತೋರಿಸಿದರು. ಪ್ರಭುಲಿಂಗಪ್ಪ ಓರೆಗಣ್ಣಿನಿಂದಲೇ ಮುಂದಿನ ಭಾಗ ನೋಡಿದ. ಮೊದಲ ಭೇಟಿಯಲ್ಲೇ ಪರರ ಗಾಡಿಯ ಅಡಿ ನುಸುಳುವುದು ಮರ್ಯಾದಸ್ಥರ ಲಕ್ಷಣವಲ್ಲವಲ್ಲ. ನಮ್ಮ ಕಡೆ ಇನ್ನೊಂದು ತೊಡಕಿದೆ. ಚಹಾ ಕುಡಿಯುವ ಮೊದಲೇ ವ್ಯವಹಾರದ ಮಾತು ತೆಗೆದರೆ ಒರಟುತನ. ಚಹಾ ಕುಡಿದ ಮೇಲೆ ತೆಗೆದರೆ ಇದಕ್ಕೇ ಕುಡಿದರು ಅನ್ನಿಸಿಕೊಳ್ಳಬೇಕು. ಹೀಗಾಗಿ ಆಡಬೇಕಾದ ಮಾತು ಅವಲಕ್ಕಿಯ ಜೊತೆಗೇ ಹೊಟ್ಟೆ ಸೇರಿತು. ಆತ ಅಂದದ್ದು ಇಷ್ಟೇ:

"ಗಾಡಿ ಭಾಳ ಚಲೋ ಐತ್ರಿ, ಹೇಮಪ್ಪಣ್ಣಾರ."

"ನಿಮ್ದ ಅಂತ ತಿಳೀರಿ" ಅಂದರು ಹೇಮಪ್ಪ. ಆಮೇಲೆ ಮೀಸೆ ಒರೆಸಿಕೊಳ್ಳುತ್ತ, "ಅಂದಂಗ ನಿಮ್ಮ ಗಾಡೀದು ಸ್ಟೇರಿಂಗ್ ಹೆಂಗೈತ್ರಿ?" ಎಂದು ಕೇಳಿದರು.

"ಬೆಣ್ಣಿ, ಬೆಣ್ಣಿ ಐತ್ರಿ."

"ಹಂಗಿರಬೇಕ್ರಿ" ಎಂದು ಹೇಮಪ್ಪ ಸಂತೋಷಪಟ್ಟರು.

ಪ್ರಭುಲಿಂಗಪ್ಪ ತನ್ನ ಪಾತ್ರೆ ಅಂಗಡಿಗೆ ಬಂದವರಿಗೆಲ್ಲ "ಅಂಗಡಿ ನಿಮ್ದ ಐತಲ್ರಿ" ಅನ್ನುತ್ತಲೇ ಕೂದಲು ನರೆಸಿಕೊಂಡವನು. ಆ ಮಾತು ನಂಬಿ ಒಂದು ಚಮಚವನ್ನಾದರೂ ಯಾರೂ ಹಾಗೇ ಒಯ್ದದ್ದಿಲ್ಲ, ಈತ ಬಿಟ್ಟದ್ದೂ ಇಲ್ಲ. ಅಂಥವನು ಅದೇ ಮಾತನ್ನು ಇನ್ನೊಬ್ಬರ ಬಾಯಿಯಲ್ಲಿ ಕೇಳಿ ಕರಾರುಪತ್ರವೆಂದು ನಂಬಿದ. ಬ್ಯಾಡಗಿಗೆ ಬಂದು, "ಹೇಮಪ್ಪಣ್ಣಾರು ಗಾಡಿನ ಕೊಟ್ಟಬಿಟ್ರು. ಕ್ರೌನ್ ಬಿಚ್ಚಿಕೊಂಡು ಬರೂದೊಂದ ಬಾಕಿ" ಎಂದು ಹೆಂಡತಿಯ ಮುಂದೆ ಮೀಸೆ ತಿರುವಿದ.

"ನಾನೂ ಬರ್ತೇನಿ. ನಿಮ್ಮ ಮಾತು ನಂಬಿದ್ದಕ್ಕ ಅಂಗಳದಾಗ ಗಣಿ ಬಂದು ಕುಂತೈತಿ" ಅಂದಳು ಅರುಣಾ.

ಮುಸ್ತಾಕನ ಟೆಂಪೋದಲ್ಲಿ ಪಾನಾ, ಜಾಕು, ಸುತ್ತಿಗೆಗಳ ಸಮೇತ ದಂಡು ಐರಣಿಗೆ ಹೋಯಿತು. ಪಾನಾ ಕಂಡದ್ದೇ ಹೇಮಪ್ಪನ ಮುಖ ಅರಳಿತು.

"ಬಿಚ್ಚಿಕೊಂಡು ಬಂದೀರೇನ್ರಿ?"

"ಏನು ಬಿಚ್ಚೂದು?" ಅಂದ ಪ್ರಭುಲಿಂಗಪ್ಪ.

"ಸ್ಟೇರಿಂಗ್ ಬಾಕ್ಸ್ರೀ. ನಂದು ಹೋಗಿ ಗಾಡಿ ನಿಂತೇತಿ. ನಿಮ್ದು ಬೆಣ್ಣಿ ಐತಿ ಅಂದ್ರಲ್ಲ, ಕೊಡಾಕ ಬಂದೀರಂತ ತಿಳಕೊಂಡೆ."

"ನಾ ಯಾಕ ಕೊಡಲಿ? ನೀವು ಗಾಡಿ ನಿಮ್ದ ಅಂತ ತಿಳೀರಿ ಅಂದಿದ್ರಿ. ತಿಳಕೊಂಡೇನಿ. ಬಿಚ್ಚಾಕ ಬಂದೇನಿ."

"ಬಂದವರಿಗೆ ಹಂಗ ಅಂತಾರ್ರಿ. ಹಂಗನ್ನದ ಮತ್ತೇನಂತಾರ? ಅಂದಿದ್ದಕ್ಕ ಪಾನಾ ಹಿಡಕೊಂಡ ಬಂದಬಿಡೂದ?"

ಒಬ್ಬರ ಗಾಡಿಯಲ್ಲಿ ಇನ್ನೊಬ್ಬರ ಜೀವ. ಎರಡೂ ಕೂಡಿಸಿದರೆ ಒಂದು ಗಾಡಿ ಏಳುತ್ತದೆ, ಒಂದು ಮಣ್ಣಿಗೆ ಹೋಗುತ್ತದೆ. ಏಳುವುದು ಯಾರದು? "ನಿಮ್ದು ಬಿಚ್ಚರಿ." "ಯಾಕ, ನಿಮ್ದು ಬಿಚ್ಚರಿ." ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎಂದು ಮುಸ್ತಾಕ ನಡುವೆ ತತ್ತ್ವ ಹೇಳಿದ. ಯಾರದು ಬಿಚ್ಚಿದರೂ ಕೆಲಸ ಅವನದೇ ಆದ್ದರಿಂದ ಅವನಿಗೆ ಪಕ್ಷಪಾತವಿರಲಿಲ್ಲ.

ಗಂಡಸರು ಅಂಗಳದಲ್ಲಿ ಹೀಗೆ ಏರುದನಿಯಲ್ಲಿರುವಾಗ ಹೇಮಪ್ಪನ ಹೆಂಡತಿ ಮಂಗಳವ್ವ ಅರುಣಾಳನ್ನು ಒಳಗೆ ಕರೆದುಕೊಂಡು ಹೋಗಿ, ಮಣೆಯ ಮೇಲೆ ಕೂಡಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಒಂದು ಕುಪ್ಪಸದ ಖಣ ಇಟ್ಟು ಉಡಿ ತುಂಬಿದಳು. ತುಂಬುತ್ತ ತನ್ನ ಗೋಳು ಹೇಳಿಕೊಂಡಳು. ಗಾಡಿ ನಿಂತಾಗಿನಿಂದ ಬದನೆಕಾಯಿ ಬುಟ್ಟಿಯಲ್ಲೇ ಬಾಡುತ್ತಿದೆ, ಗಂಡ ಮಾತ್ರ ತಾಡಪತ್ರಿ ಒರೆಸುತ್ತ ಕೂತಿದ್ದಾರೆ. ಅರುಣಾ ಸಂಡಿಗೆಯ ಕಥೆ ಹೇಳಿದಳು. ಇಬ್ಬರೂ ನಕ್ಕರು. ಚಹಾ ಕುದಿಯುವಷ್ಟರಲ್ಲಿ ಅಂಗಳದ ಮಹಾಯುದ್ಧ ಅಡುಗೆಮನೆಯಲ್ಲಿ ಮುಗಿದಿತ್ತು.

ಅರುಣಾ ಉಡಿ ಹಿಡಿದುಕೊಂಡು ಹೊರಗೆ ಬಂದಳು. "ನಮ್ಮ ಗಾಡಿ ಇವರಿಗೆ ಕೊಟ್ಟೇನಿ. ಬೇಕಾದ್ದು ಬಿಚ್ಚಿಕೊಳ್ಳಲಿ. ಇವರ ಗಾಡಿ ರಾಣೆಬೆನ್ನೂರಿಗೆ ಬದನೀಕಾಯಿ ಹಾಕಿ ಬಂದು ನಮ್ಮ ರೊಟ್ಟಿ ಒಯ್ತೈತಿ. ಮದವಿ ರೊಟ್ಟಿನ ಮೊದಲನೇ ಖೇಪು."

"ನಾ ಒಪ್ಪೂದಿಲ್ಲ" ಅಂದ ಪ್ರಭುಲಿಂಗಪ್ಪ.

"ಉಡಿ ತುಂಬಿಸಿಕೊಂಡೇನ್ರಿ. ತುಂಬಿದ ಉಡಿ ಹಿಡಕೊಂಡು ಇಲ್ಲ ಅನ್ನಾಕ ಬರ್ತೈತೇನು?"

ಒಂದು ಖಣಕ್ಕೆ ಒಂದು ಪಿಕಪ್ಪು ಮುಯ್ಯಿ ಕೊಟ್ಟವರನ್ನು ಐರಣಿ ಅದಕ್ಕೂ ಮೊದಲು ಕಂಡಿರಲಿಲ್ಲ. ಮರುವಾರ ಪ್ರಭುಲಿಂಗಪ್ಪನ ಕಣ್ಣೆದುರೇ ಸ್ಟೇರಿಂಗ್ ಬಾಕ್ಸು ಐರಣಿಗೆ ಹೋಯಿತು, ಉಳಿದ ಅವಶೇಷವನ್ನು ಜಾಕೀರ್ ತೂಗಿಕೊಂಡು ಹೋದ. ಆ ದಿನ ಪ್ರಭುಲಿಂಗಪ್ಪ ಊಟ ಮಾಡಲಿಲ್ಲ. ಯಾರೂ ಒತ್ತಾಯವನ್ನೂ ಮಾಡಲಿಲ್ಲ.

ಮದುವೆಯ ಹಿಂದಿನ ದಿನ ಹೇಮಪ್ಪನ ಪಿಕಪ್ಪು ಬ್ಯಾಡಗಿಗೆ ಬಂದು ರೊಟ್ಟಿ ಹೇರಿಕೊಂಡಿತು. ಮುಂದೆ ಹೇಮಪ್ಪ, ಮಂಗಳವ್ವ, ಅರುಣಾ. ಹಿಂದೆ ರೊಟ್ಟಿಯ ಗಂಟುಗಳ ನಡುವೆ ಮುಸ್ತಾಕ ಮತ್ತು ಪ್ರಭುಲಿಂಗಪ್ಪ, ಗಂಟು ಉರುಳದಂತೆ ತಬ್ಬಿಕೊಂಡು. ಗಾಡಿ ಹಗುರಾಗಿ ಓಡುತ್ತಿತ್ತು. ಪ್ರಭುಲಿಂಗಪ್ಪನಿಗೂ ಒಳಗೊಳಗೇ ಸಮಾಧಾನವಾಗತೊಡಗಿತು. ತನ್ನದಲ್ಲದಿದ್ದರೇನು, ನಾಲ್ಕೂ ಗಾಲಿ ಎಳೆಯುವ ಗಾಡಿಯಲ್ಲಿ ಕೂತು ಹೊರಟಿದ್ದೇನಲ್ಲ ಎಂದುಕೊಂಡ. ಮೋಟೆಬೆನ್ನೂರಿನಲ್ಲಿ ಚಹಾಕ್ಕೆ ನಿಂತಾಗ ಆಸೆ ತಡೆಯಲಿಲ್ಲ.

"ಹೇಮಪ್ಪಣ್ಣಾರ, ಆ ಫೋರ್ ವೀಲ್ ಗೇರು ಒಮ್ಮೆ ಹಾಕಿ ಓಡಸ್ರಲಾ. ಹೆಂಗ ಎಳೀತೈತಿ ನೋಡೂಣು."

"ಎಲ್ಲೀ ಫೋರ್ ವೀಲ್ರಿ? ನಂದೂ ಮುಂದಿನ ಕ್ರೌನ್ ಯಾವಾಗೋ ಪುಡಿ ಆತು. ಕಿತ್ತು ಒಗದು, ಮುಂದಿನ ಶಾಫ್ಟ್ ಬಿಚ್ಚಿ ಅಟ್ಟಕ್ಕ ಹಾಕೇನಿ. ಡಾಂಬರ್ ರಸ್ತಾಕ್ಕ ಹಿಂದಿನ ಎರಡು ಎಳದ್ರ ಸಾಕಲ್ರಿ."

ಅರುಣಾಳ ಕೈಯ ಚಹಾದ ಕಪ್ಪು ಬಾಯಿಯ ಹತ್ತಿರವೇ ನಿಂತಿತು.

"ಅಂದ್ರ ಕ್ರೌನ್ ಇಲ್ದನೂ ಗಾಡಿ ಓಡತೈತೇನ್ರಿ ಅಣ್ಣಾರ?"

"ಓಡಾಕತ್ತೇತಲ್ಲವ್ವ."

ಆಕೆ ಮುಸ್ತಾಕನ ಕಡೆ ತಿರುಗಿದಳು. "ನಮ್ಮದೂ ಓಡತಿತ್ತೇನು?"

ಮುಸ್ತಾಕ ಬಶಿಯಲ್ಲಿದ್ದ ಚಹಾವನ್ನು ಬಹಳ ಆಸ್ಥೆಯಿಂದ ಆರಿಸಿದ. "ಮುರದಿದ್ದು ಕಿತ್ತು ಒಗದಿದ್ರ ಓಡತಿತ್ರಿ ಅಕ್ಕಾರ. ಮಧ್ಯಾಹ್ನದ ಊಟದೊಳಗ ಮುಗಿಯೂ ಕೆಲಸ. ಹೆಂಗ ಮಾಡೂಣು ಅಂತ ನಾ ಕೇಳಿದ್ದೆ. ಸಾವಕಾರ್ರು ಒಂದು ಗಾಲೀನೂ ತಿರುಗೂಹಂಗಿಲ್ಲ ಅಂದ್ರು. ನಾ ತಿರುಗಿಸಲಿಲ್ಲ."

ಅಲ್ಲಿಂದ ಹಾವೇರಿಯವರೆಗೆ ಪ್ರಭುಲಿಂಗಪ್ಪ ರೊಟ್ಟಿಯ ಗಂಟಿನ ಹಿಂದೆ ಮುಖ ಮುಚ್ಚಿಕೊಂಡು ಕುಳಿತ. ಮಂಟಪದಲ್ಲಿ ರೊಟ್ಟಿ ಇಳಿಯಿತು, ಒಂದೂ ಮುರಿದಿರಲಿಲ್ಲ. ಅಡುಗೆಯವರು ಹೊಗಳಿ, ಮುಂದಿನ ಮದುವೆಗೂ ಹೇಳಿದರು. ಅರುಣಾ ನಗುನಗುತ್ತ ಮಾತಾಡಿಸಿ ಬಂದು, ಮುಂದಿನ ಸೀಟು ಹತ್ತಿ, ಬಾಗಿಲು ಹಾಕಿಕೊಂಡಳು. ಮುಸ್ತಾಕ ಹಿಂದೆ ಹತ್ತಿದ. ಪ್ರಭುಲಿಂಗಪ್ಪನೂ ಖಾಲಿ ಗಾಡಿಯ ಹಿಂದಿನ ಹಲಗೆಯ ಮೇಲೆ ಕಾಲಿಟ್ಟ.

"ನೀವು ಇಳೀರಿ" ಅಂದಳು ಅರುಣಾ, ಕಿಟಕಿಯಿಂದ ತಲೆ ಹೊರಗೆ ಹಾಕಿ. "ಇದು ಎರಡ ಗಾಲಿ ಎಳಿಯೂ ಗಾಡಿ, ನಿಮ್ಮ ಯೋಗ್ಯತಾಕ್ಕ ಅಲ್ಲ. ನಾಲ್ಕೂ ಎಳಿಯೂದು ಸಿಕ್ಕ ಮ್ಯಾಲೆ ಅದರಾಗ ಬರ್ರಿ."

ಹೇಮಪ್ಪ ಏನೋ ಸಮಾಧಾನ ಹೇಳಲು ಬಾಯಿ ತೆರೆದವರು, ಪಕ್ಕದಲ್ಲಿದ್ದ ಮಂಗಳವ್ವನ ಮುಖ ನೋಡಿ ಗೇರು ಹಾಕಿದರು. ಪ್ರಭುಲಿಂಗಪ್ಪ ಕಾಲು ಕೆಳಗಿಟ್ಟು, ಧೋತರದ ಚುಂಗು ಎತ್ತಿಕೊಂಡು, ಬಿಸಿಲಿನಲ್ಲಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದ.