ಷಡ್ಡಕನ ಸಿಮೆಂಟ್ ಕಂಬ, ನನ್ನ ಜಾಲಿ ಬೇಲಿ

ರೈಲ್ವೆ ಬೇಲಿ ರಿಪೇರಿ ಮಾಡುವುದು ಅಂಥ ದೊಡ್ಡ ವಿದ್ಯೆಯೇನಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಕಂಬ ಇದೆ, ತಂತಿ ಇದೆ, ಎರಡು ಕೈ ಇವೆ. ಇನ್ನೇನು ಬೇಕು?

ಇಂಡಿ ಹತ್ತಿರ ರೈಲು ಹಳಿಗೆ ಹೊಂದಿಕೊಂಡು ನನ್ನದೊಂದು ಲಿಂಬೆ ತೋಟ. ಪಕ್ಕದ ತೋಟ ಚನಬಸಪ್ಪನದು. ಆತ ನನ್ನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಬ್ರಾಡ್‌ಗೇಜ್ ಬಂದ ವರ್ಷ ರೈಲ್ವೆಯವರು ಹಳಿಗುಂಟ ಹೊಸ ಬೇಲಿ ಹಾಕುತ್ತ ಬಂದರು. ಸಿಮೆಂಟ್ ಕಂಬ, ಫಳಫಳ ಹೊಳೆಯುವ ಮುಳ್ಳುತಂತಿ. ಚನಬಸಪ್ಪನ ಬದುವಿನ ತನಕ ಬಂದು ನಿಲ್ಲಿಸಿಬಿಟ್ಟರು! ಸಾಮಾನು ತೀರಿತಂತೆ. ನನ್ನ ಪಾಲಿಗೆ ಹಳೇ ತುಕ್ಕು ತಂತಿಯೇ ಉಳಿಯಿತು. ಹೊಟ್ಟೆ ಉರಿಯದೆ ಇರುತ್ತದೆಯೇ? ಧಾರಾಳವಾಗಿ ಉರಿಯಿತು.

ಊರಿನ ಆಡುಗಳು ಹಳಿಗುಂಟ ಬಂದು, ಅವನ ಬೇಲಿ ನೋಡಿ ಮುಂದೆ ನಡೆದು, ನನ್ನ ತೋಟಕ್ಕೆ ನುಗ್ಗುತ್ತಿದ್ದವು. ಅವನ ಗಿಡದ ತುಂಬ ಲಿಂಬೆ. ನನ್ನ ಗಿಡದ ತುಂಬ ಬರೀ ಮುಳ್ಳು!

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಎಲ್ಲರೂ ಕೂತು ಉಣ್ಣುವುದು ನಮ್ಮ ಕಡೆಯ ಪದ್ಧತಿ. ನಮ್ಮ ಅತ್ತೆ ಪ್ರತಿ ವರ್ಷ ಹಿರಿ ಅಳಿಯನ ತೋಟದಲ್ಲೇ ಉಣ್ಣುತ್ತಿದ್ದರು. "ಕಿರಿ ಅಳಿಯಾರ ತ್ವಾಟದಾಗ ಆಡಿನ ಪಂಕ್ತಿಗೆ ಕುಂಡ್ರಬೇಕಾಗ್ತೈತಿ" ಎನ್ನುವುದು ಅವರ ವಾದ. ಈ ಸಲ ಅವರನ್ನು ನನ್ನ ಗಿಡದ ಕೆಳಗೆ ಕೂರಿಸಿಯೇ ತೀರುತ್ತೇನೆಂದು ಪಣ ತೊಟ್ಟೆ.

"ಬೇಲಿ ರೈಲ್ವೆಯವರದೈತಿ, ಅವರಿಗೆ ಹೇಳ್ರಿ" ಎಂದಳು ಹೆಂಡತಿ.

"ಹೇಳಿ ಹೇಳಿ ಸಾಕಾಗೇತಿ. ನಾನ ಕಟ್ತೇನಿ. ನಿಮ್ಮಕ್ಕನ ಗಂಡನ ಬೇಲಿಗಿಂತ ಒಂದು ಗೇಣು ಎತ್ತರ!"

"ಅದನ್ನ ಅವರು ಕಟ್ಟಿಲ್ಲಲ್ರಿ, ಸರಕಾರ ಕಟ್ಟೇತಿ."

"ಅದಕ್ಕ ಹೊಟ್ಟಿ ಉರಿಯೂದು!"

ಅಮಾವಾಸ್ಯೆಯ ಬೆಳಿಗ್ಗೆ ತೋಟಕ್ಕೆ ಹೋಗಿ, ಅಂಗಿ ಬಿಚ್ಚಿ ಲಿಂಬೆ ಗಿಡಕ್ಕೆ ತೂಗುಹಾಕಿದೆ. ಮೊದಲು ಬೇಲಿಯ ಒಳಬದಿಗೆ ಜಾಲಿ ಮುಳ್ಳು ಒಟ್ಟಿದೆ. ಒಟ್ಟಿದ ಮೇಲೆ ಅಲ್ಲಿ ನಿಲ್ಲಲು ಜಾಗವಿಲ್ಲ! ಸರಿ, ಮುಳ್ಳಿಲ್ಲದೆ ಉಳಿದ ಒಂದು ಮೂಲೆಯ ಹರಕು ತಂತಿಯಲ್ಲಿ ನುಸುಳಿ ಹಳಿಯ ಬದಿಗೆ ಹೋಗಿ, ಅಲ್ಲಿಂದಲೇ ಪಕ್ಕಡದಲ್ಲಿ ತಂತಿ ಹಿಡಿದು ಎಳೆದೆಳೆದು ಬಿಗಿದೆ. ಕೋಳಿಮರಿಗೂ ಸಂದಿ ಬಿಡಲಿಲ್ಲ. ಕೆಲಸ ಮುಗಿಸಿದ ಗತ್ತಿನಲ್ಲಿ ಪಕ್ಕಡವನ್ನು ಬೇಲಿಯ ಮೇಲಿಂದ ಒಳಗೆ ಎಸೆದೆ. ಆಮೇಲೆ ಹೊಳೆಯಿತು. ನಾನು ಹೊರಗಿದ್ದೆ!

ಅಷ್ಟರಲ್ಲಿ ಒಳಗಿನಿಂದ "ಮ್ಯಾ" ಎಂಬ ದನಿ ಕೇಳಿತು. ನನಗಿಂತ ಮೊದಲೇ ಬಂದಿದ್ದ ಆಡುಗಳು ಹಿಂದಿನ ಸಾಲಿನ ನೆರಳಲ್ಲಿ ಮಲಗಿದ್ದವು. ಅವುಗಳ ಹಳೇ ದಾರಿಯನ್ನು ನಾನೇ ಮುಚ್ಚಿದ್ದೆ. ಅದೇ ಗಳಿಗೆಗೆ ರಸ್ತೆ ಕಡೆಯ ಗೇಟು ತೆರೆದು ಅತ್ತೆ ಮತ್ತು ಹೆಂಡತಿ ಬುಟ್ಟಿ ಹೊತ್ತು ಬಂದರು.

"ಅಯ್ಯ, ಇದೇನ್ರಿ! ಆಡು ಒಳಗ, ನೀವು ಹೊರಗ?" ಎಂದಳು ಹೆಂಡತಿ.

"ಗೇಟ್ ಹಾಕು! ಅಲ್ಲ, ತಗಿ! ಮೊದಲ ಆಡು ಹೊಡಿ!"

ಆಕೆ ಆಡು ಹೊಡೆಯಲು ಬುಟ್ಟಿ ಕೆಳಗಿಟ್ಟಳು. ಮುಗಿಯಿತು. ದಾರಿ ಕಾಣದೆ ಗಾಬರಿಯಾಗಿದ್ದ ಆಡುಗಳು ಸಜ್ಜಿ ರೊಟ್ಟಿ, ಕಡಬು, ಪುಂಡಿ ಪಲ್ಯ ಕಂಡು ಗಾಬರಿ ಮರೆತವು. ಒಂದು ಹೋತ ನನ್ನ ಅಂಗಿಯ ತೋಳು ಅಗಿಯುತ್ತಿತ್ತು. ಬೆನ್ನ ಹಿಂದೆ ಗೂಡ್ಸ್ ಗಾಡಿ ಬಂತು. ಬರೀ ಬನಿಯನ್‌ನಲ್ಲಿ ನಿಂತು ಕೈ ಬೀಸಿ ಕೂಗಾಡುತ್ತಿದ್ದ ನನ್ನನ್ನು ಕಂಡು ಡ್ರೈವರ್ ಉದ್ದಕ್ಕೂ ಸೀಟಿ ಹೊಡೆದ.

ಅತ್ತೆ ಬೇಲಿಯನ್ನು ಈ ತುದಿಯಿಂದ ಆ ತುದಿಯ ತನಕ ನೋಡಿದರು. "ಬೇಲಿ ಮಾತ್ರ ಗಟ್ಟಿ ಕಟ್ಟೀರಿ ಅಳಿಯಾರ. ಒಂದ ಆಡೂ ಹೊರಗ ಹೋಗಿಲ್ಲ!"

ನಾನು ಹಳಿಗುಂಟ ನಡೆದು, ರೈಲ್ವೆ ಗೇಟಿನ ಹತ್ತಿರ ರಸ್ತೆಗೆ ಇಳಿದು, ಸುತ್ತಿ ಬರುವಷ್ಟರಲ್ಲಿ ಎಲ್ಲರೂ ಚನಬಸಪ್ಪನ ತೋಟದಲ್ಲಿ ಪಂಕ್ತಿ ಹಾಕಿ ಕೂತಿದ್ದರು.

"ಬಾ ತಮ್ಮಾ, ನಿನ್ನ ದಾರೀನ ಕಾಯಾಕತ್ತಿದ್ವಿ" ಎಂದು ಆತ ತನ್ನ ಇಸ್ತ್ರಿ ಮಾಡಿದ ಬಿಳಿ ಅಂಗಿ ತಂದುಕೊಟ್ಟ. ಹಾಕಿಕೊಂಡೆ. ಅಳತೆ ಕೊಟ್ಟು ಹೊಲಿಸಿದ ಹಾಗೆ ಒಪ್ಪಿತು. ಅದನ್ನೂ ನನಗೆ ಸಹಿಸಲಾಗಲಿಲ್ಲ.

ಹೆಂಡತಿ ರೊಟ್ಟಿ ಬಡಿಸುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇವತ್ತ ಭಾಳ ಛಂದ ಕಾಣಾಕತ್ತೀರಿ ನೋಡ್ರಿ!"

ಮದುವೆಯಾದಾಗಿನಿಂದ ನಾನು ಕಾಯುತ್ತಿದ್ದ ಮಾತು. ಅದನ್ನೂ ಅವನ ಅಂಗಿ ಹೊಡೆದುಕೊಂಡಿತು!